ಕಾನೂನು ನಡೆದು ಬಂದ ದಾರಿ: ಕಾಗೋಡಿನ ಗದ್ದೆಯಿಂದ ವಿಧಾನಸೌಧಕ್ಕೆ

ಸಾಗರದಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದು ರಾತ್ರಿಯ ಪ್ರಯಾಣ. ತಾಳಗುಪ್ಪದಲ್ಲಿ ಹೊರಟ ಗಾಡಿ ಶಿವಮೊಗ್ಗ, ಭದ್ರಾವತಿ, ಅರಸೀಕೆರೆ ದಾಟಿ ಬೆಳಕು ಹರಿಯುವ ಮುನ್ನವೇ ರಾಜಧಾನಿ ಮುಟ್ಟಿಸುತ್ತದೆ. ಆದರೆ ಸಾಗರಕ್ಕೆ ಸಮೀಪದ ಕಾಗೋಡು ಎಂಬ ಪುಟ್ಟ ಹಳ್ಳಿಯಿಂದ ಹೊರಟ ಒಂದು ಅಹವಾಲು ಬೆಂಗಳೂರು ಸೇರಿ, ಅಲ್ಲಿ ಕಾನೂನಾಗಿ, ಮತ್ತೆ ಅದೇ ಹಳ್ಳಿಯ ಗದ್ದೆಗೆ ಇಳಿಯಲು 23 ವರ್ಷ ಹಿಡಿಯಿತು. 1951ರಲ್ಲಿ ಹೊರಟದ್ದು 1974ರಲ್ಲಿ ಮರಳಿತು.

ಮಸೂದೆ ಕಾಯ್ದೆಯಾಗುವ ಹಂತಗಳನ್ನು ಶಾಲೆಯ ಮಕ್ಕಳು ಐದು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡುತ್ತಾರೆ. ಪ್ರಥಮ ವಾಚನ, ದ್ವಿತೀಯ ವಾಚನ, ತೃತೀಯ ವಾಚನ, ರಾಜ್ಯಪಾಲರ ಅಂಕಿತ. ಪರೀಕ್ಷೆ ಮುಗಿದ ಮರುದಿನವೇ ಅದು ಮರೆತುಹೋಗುತ್ತದೆ. ತಪ್ಪು ಮಕ್ಕಳದ್ದಲ್ಲ, ಆ ಹಂತಗಳಿಗೆ ಊರು, ಕಟ್ಟಡ, ಮನುಷ್ಯರು ಇದ್ದಾರೆಂದು ಅವರಿಗೆ ಯಾರೂ ತೋರಿಸಿಲ್ಲ. ಈ ವಾರ ನಾವು ಆ ದಾರಿಯಲ್ಲೇ ಒಮ್ಮೆ ನಡೆದು ಬರೋಣ. ಜೊತೆಗೆ ಒಯ್ಯುವುದು ಒಂದೇ ಒಂದು ಕಾನೂನನ್ನು: ಕರ್ನಾಟಕದ ಭೂಸುಧಾರಣಾ ಕಾಯ್ದೆ.

ಕೊಳಗದಿಂದ ಶುರುವಾದ ಜಗಳ

ಕಾಗೋಡು ಸಾಗರ ತಾಲ್ಲೂಕಿನ ಉಳಿದ ಹಳ್ಳಿಗಳ ಹಾಗೆಯೇ ಇದೆ. ಮಳೆಗಾಲದಲ್ಲಿ ನೀರು ನಿಂತ ಭತ್ತದ ಗದ್ದೆ, ದೂರದಲ್ಲಿ ಅಡಿಕೆ ತೋಟ, ಅದರಾಚೆ ಕಾಡಿನ ಅಂಚು. ಇಲ್ಲಿ ಒಂದು ಕಾಲಕ್ಕೆ ಉಳುವವರು ಒಬ್ಬರು, ಭೂಮಿಯ ಒಡೆಯರು ಇನ್ನೊಬ್ಬರು. ಉಳುವವರಲ್ಲಿ ಬಹುಪಾಲು ದೀವರ ಸಮುದಾಯದವರು. ಬೆಳೆದ ಭತ್ತದಲ್ಲಿ ಒಡೆಯರ ಪಾಲನ್ನು ಗೇಣಿಯಾಗಿ ಅಳೆದು ಕೊಡಬೇಕಿತ್ತು. ಅಳೆಯುವುದು ಕೊಳಗದಿಂದ. ಕೊಳಗ ಮೂರು ಸೇರಿನದಾಗಿರಬೇಕು ಎಂದು ಗೇಣಿದಾರರು. ಗೇಣಿ ಅಳೆಯುವಾಗ ಒಡೆಯರ ಮನೆಯ ಕೊಳಗ ಅದಕ್ಕಿಂತ ದೊಡ್ಡದಾಗುತ್ತದೆ ಎಂಬುದು ಅವರ ದೂರು. ಅಳತೆಯ ಪಾತ್ರೆ ಒಂದೆರಡು ಬೆರಳು ದೊಡ್ಡದಾದರೆ ಒಂದು ಸಂಸಾರದ ಮಳೆಗಾಲದ ಊಟ ಕಡಿಮೆಯಾಗುತ್ತಿತ್ತು.

ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಟ್ಟುಗೂಡಿಸಿದರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ರೈತರು ನೇಗಿಲು ಹೊತ್ತು ಗದ್ದೆಗೆ ಇಳಿಯುವುದು, ಪೊಲೀಸರು ಬಂಧಿಸಿ ಒಯ್ಯುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ಶಾಂತವೇರಿ ಗೋಪಾಲಗೌಡರು ಚಳವಳಿಯಲ್ಲಿ ಮುಂದಾಳಾದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೆ ಒಳಗಾದರು. ದೇಶದ ಪತ್ರಿಕೆಗಳು ಕಾಗೋಡಿನ ಹೆಸರನ್ನು ಅಚ್ಚು ಮಾಡಿದವು.

ಇಲ್ಲಿ ಒಂದು ಕಾಕತಾಳೀಯವಿದೆ. ಅದೇ ಮಳೆಗಾಲದಲ್ಲಿ, 1951ರ ಜುಲೈ 13ರಂದು, ಬೆಂಗಳೂರಿನಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಒಂದು ದೊಡ್ಡ ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಿದರು. ಆ ಕಟ್ಟಡವೇ ವಿಧಾನಸೌಧ. ಕಾಗೋಡಿನ ರೈತರು ಕೇಳಿದ್ದಕ್ಕೆ ಉತ್ತರ ಸಿಗಬೇಕಾದ ಮನೆಗೆ ಆಗಷ್ಟೇ ಮೊದಲ ಕಲ್ಲು ಬಿದ್ದಿತ್ತು.

ಕೆಂಪು ಕಟ್ಟಡದಿಂದ ಕಲ್ಲಿನ ಸೌಧಕ್ಕೆ

ಬೆಂಗಳೂರಿನ ಅಂಬೇಡ್ಕರ್ ವೀದಿಯಲ್ಲಿ ನಿಂತರೆ ರಸ್ತೆಯ ಎರಡು ಬದಿಗೆ ಎರಡು ಕಾಲ ಎದುರುಬದುರಾಗಿ ನಿಂತಿವೆ. ಒಂದು ಕಡೆ ಕಬ್ಬನ್ ಪಾರ್ಕಿನ ಮರಗಳ ಮುಂದೆ ಕೆಂಪು ಬಣ್ಣದ ಅಠಾರ ಕಚೇರಿ. 1860ರ ದಶಕದಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳಿಗೆಂದು ಕಟ್ಟಿದ್ದು. ಇಂದು ಅಲ್ಲಿ ಹೈಕೋರ್ಟ್ ಇದೆ. ಇನ್ನೊಂದು ಕಡೆ ಬೂದು ಗ್ರಾನೈಟಿನ ವಿಧಾನಸೌಧ. ಸ್ವಾತಂತ್ರ್ಯಾನಂತರದ ಮೊದಲ ಚುನಾವಣೆಯಲ್ಲಿ, ಅಂದರೆ 1952ರಲ್ಲಿ, ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ಬಂದಾಗ ಶಾಸನಸಭೆ ಸೇರುತ್ತಿದ್ದದ್ದು ಕೆಂಪು ಕಟ್ಟಡದಲ್ಲೇ.

ಎದುರಿನ ಖಾಲಿ ಜಾಗದಲ್ಲಿ ಕೆಂಗಲ್ ಹನುಮಂತಯ್ಯನವರ ಉಸ್ತುವಾರಿಯಲ್ಲಿ, ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ಕೈಯಲ್ಲಿ ಹೊಸ ಸೌಧ ಏಳುತ್ತಿತ್ತು. ಕಲ್ಲುಕುಟಿಗರ ಜೊತೆ ಸೆರೆವಾಸಿಗಳೂ ಅಲ್ಲಿ ದುಡಿದರು. 1956ರಲ್ಲಿ ಕಟ್ಟಡ ಮುಗಿಯಿತು. ಅದೇ ವರ್ಷ ನವೆಂಬರ್ 1ರಂದು ಏಕೀಕರಣವೂ ಆಯಿತು. ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಹಳೆಯ ಮೈಸೂರು ಎಂದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ನಾಡು ಒಂದಾದರೂ ಕಾನೂನುಗಳು ಒಂದಾಗಲಿಲ್ಲ. ಧಾರವಾಡದ ಗೇಣಿದಾರನಿಗೆ ಒಂದು ಕಾಯ್ದೆ, ಕಲಬುರಗಿಯವನಿಗೆ ಇನ್ನೊಂದು, ಮಂಗಳೂರಿನವನಿಗೆ ಮತ್ತೊಂದು, ಸಾಗರದವನಿಗೆ ಮಗುದೊಂದು. ಇವನ್ನೆಲ್ಲ ಒಂದು ಮಾಡಲು 1957ರಲ್ಲಿ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು. ಕಾನೂನು ಹುಟ್ಟುವುದು ಹೀಗೆಯೇ: ಬೀದಿಯಲ್ಲಿ ಒಂದು ಕೂಗು, ಆಮೇಲೆ ಒಂದು ಸಮಿತಿ, ಆಮೇಲೆ ಒಂದು ಕಡತ.

ಕಡತದ ದಾರಿ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಸಂಬಂಧಪಟ್ಟ ಇಲಾಖೆ, ನಮ್ಮ ಉದಾಹರಣೆಯಲ್ಲಿ ಕಂದಾಯ ಇಲಾಖೆ, ಕರಡು ಬರೆಯುತ್ತದೆ. ಕಾನೂನು ಇಲಾಖೆ ಅದರ ಒಂದೊಂದು ಪದವನ್ನೂ ತೂಗಿ ನೋಡುತ್ತದೆ. ದುಡ್ಡಿನ ಖರ್ಚಿದ್ದರೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು. ಕೊನೆಗೆ ಸಚಿವ ಸಂಪುಟ ಒಪ್ಪಬೇಕು. ವಿಧಾನಸೌಧದ ಸಂಪುಟ ಸಭೆಯ ಕೊಠಡಿಗೆ ಶ್ರೀಗಂಧದ ಬಾಗಿಲಿದೆ. ಬಂದವರೆಲ್ಲ ಅದರ ಕೆತ್ತನೆಯನ್ನು ಮೆಚ್ಚುತ್ತಾರೆ. ಆ ಬಾಗಿಲಿನ ಹಿಂದೆ ಮಸೂದೆಯ ಅರ್ಧ ಆಯುಷ್ಯ ಕಳೆದಿರುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮೂರು ವಾಚನ, ಎರಡು ಮನೆ

ಅಧಿವೇಶನ ನಡೆಯುವಾಗ ವಿಧಾನಸಭೆಯ ಪ್ರೇಕ್ಷಕರ ಗ್ಯಾಲರಿಗೆ ಪಾಸು ಪಡೆದು ಹೋಗಬಹುದು. ಶಾಲೆಯ ಮಕ್ಕಳು ಸಾಲಾಗಿ ಬಂದು ಕೂರುವುದನ್ನು ಕಾಣಬಹುದು. ಕೆಳಗೆ ಸಭಾಧ್ಯಕ್ಷರ ಎತ್ತರದ ಪೀಠ, ಅದರ ಎದುರು ಕುದುರೆ ಲಾಳದಂತೆ ಬಾಗಿದ ಆಸನಗಳ ಸಾಲು. ಇಲ್ಲಿ ಕೂರುವ ಶಾಸಕರು 224. ಸೌಧದಲ್ಲೇ ಇನ್ನೊಂದು ಸಭಾಂಗಣದಲ್ಲಿ ವಿಧಾನ ಪರಿಷತ್ತು. ಅಲ್ಲಿ 75 ಮಂದಿ. ಸ್ಥಳೀಯ ಸಂಸ್ಥೆಗಳಿಂದ 25, ಶಾಸಕರಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ರಾಜ್ಯಪಾಲರು ನಾಮಕರಣ ಮಾಡುವವರು 11. 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೂ ಈ ಎರಡು ಸದನಗಳಿಗೆ ಜಾಗವಿದೆ.

ಮಂತ್ರಿಗಳು ಎದ್ದು ಮಸೂದೆ ಮಂಡಿಸಲು ಅನುಮತಿ ಕೇಳುವುದು ಮೊದಲ ವಾಚನ. ಹೆಸರಿಗೆ ವಾಚನವಾದರೂ ಇಲ್ಲಿ ಓದುವುದು ಹೆಸರನ್ನಷ್ಟೇ. ಅಚ್ಚಾದ ಪ್ರತಿ ಶಾಸಕರ ಕೈಗೆ ಬರುತ್ತದೆ. ಅದರ ಕೊನೆಯಲ್ಲಿ 'ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ' ಎಂಬ ಚಿಕ್ಕ ಟಿಪ್ಪಣಿ ಇರುತ್ತದೆ. ವಿದ್ಯಾರ್ಥಿಗಳು ಯಾವುದೇ ಮಸೂದೆಯನ್ನು ಓದುವುದಾದರೆ ಅಲ್ಲಿಂದ ಶುರುಮಾಡುವುದು ಒಳ್ಳೆಯದು. ಸರ್ಕಾರ ಈ ಕಾನೂನನ್ನು ಏಕೆ ತರುತ್ತಿದೆ ಎಂಬುದನ್ನು ತಾನೇ ಹೇಳಿಕೊಳ್ಳುವ ಜಾಗ ಅದು.

ಎರಡನೇ ವಾಚನವೇ ನಿಜವಾದ ಕಣ. ಮೊದಲು ಮಸೂದೆಯ ತತ್ವದ ಮೇಲೆ ಚರ್ಚೆ, ಆಮೇಲೆ ಒಂದೊಂದೇ ಖಂಡವನ್ನು ಎತ್ತಿಕೊಂಡು ತಿದ್ದುಪಡಿ. ಬೇಕೆನಿಸಿದರೆ ಎರಡೂ ಸದನದವರಿರುವ ಜಂಟಿ ಆಯ್ಕೆ ಸಮಿತಿಗೆ ಕಳಿಸಬಹುದು. ಭೂಸುಧಾರಣಾ ಮಸೂದೆ 1958ರಲ್ಲಿ ಮಂಡನೆಯಾಗಿ ಸಮಿತಿಗೆ ಹೋಯಿತು. ಸದನಗಳು ಅದನ್ನು ಅಂಗೀಕರಿಸಿದ್ದು 1961ರಲ್ಲಿ. ಮೂರನೇ ವಾಚನದಲ್ಲಿ ಇಡೀ ಮಸೂದೆಯನ್ನು ಒಪ್ಪುವುದೋ ಬಿಡುವುದೋ ಎಂಬ ಪ್ರಶ್ನೆ ಮಾತ್ರ. ಪರವಾಗಿರುವವರು 'ಹೌದು' ಎನ್ನಬೇಕು, ವಿರೋಧಿಸುವವರು 'ಇಲ್ಲ' ಎನ್ನಬೇಕು. ಧ್ವನಿಯಲ್ಲಿ ತೀರ್ಮಾನವಾಗದಿದ್ದರೆ ತಲೆ ಎಣಿಸುತ್ತಾರೆ. ಹಾಜರಿದ್ದು ಮತ ಹಾಕಿದವರ ಬಹುಮತ ಸಾಕು. ಸಭೆ ನಡೆಯಲು ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಹಾಜರಿರಬೇಕು, ಅಂದರೆ ವಿಧಾನಸಭೆಯಲ್ಲಿ 23 ಮಂದಿ. ಆರು ಕೋಟಿಗೂ ಹೆಚ್ಚು ಜನರಿಗೆ ಅನ್ವಯವಾಗುವ ಕಾನೂನು 23 ಜನರ ಸಭೆಯಲ್ಲೂ ಅಂಗೀಕಾರವಾಗಬಲ್ಲದು. ಗ್ಯಾಲರಿಯಲ್ಲಿ ಕೂತ ಮಕ್ಕಳು ಖಾಲಿ ಕುರ್ಚಿಗಳನ್ನು ಎಣಿಸಿದರೆ ಅದು ಪೌರನೀತಿಯ ಒಳ್ಳೆಯ ಪಾಠವೇ.

ವಿಧಾನಸಭೆ ಒಪ್ಪಿದ ಮಸೂದೆ ಪರಿಷತ್ತಿಗೆ ಹೋಗುತ್ತದೆ. ಹಿರಿಯರ ಮನೆ ಎಂದು ಕರೆದರೂ ಅದಕ್ಕೆ ಇರುವುದು ತಡೆದು ನಿಲ್ಲಿಸುವ ಅಧಿಕಾರವೇ ಹೊರತು ಕೊಲ್ಲುವ ಅಧಿಕಾರವಲ್ಲ. ಮೊದಲ ಸಲ ಮೂರು ತಿಂಗಳು ಇಟ್ಟುಕೊಳ್ಳಬಹುದು. ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು. ಅಲ್ಲಿಗೆ ಮುಗಿಯಿತು, ವಿಧಾನಸಭೆಯ ಮಾತೇ ಗೆಲ್ಲುತ್ತದೆ. ಹಣಕಾಸು ಮಸೂದೆಯಾದರೆ ಪರಿಷತ್ತಿಗೆ ಇರುವುದು 14 ದಿನ ಮಾತ್ರ. ದಿಲ್ಲಿಯಲ್ಲಿ ಹೀಗಲ್ಲ. ಲೋಕಸಭೆ, ರಾಜ್ಯಸಭೆ ಒಮ್ಮತಕ್ಕೆ ಬಾರದಿದ್ದರೆ ಎರಡನ್ನೂ ಒಟ್ಟಿಗೆ ಕೂರಿಸಿ ಮತ ಹಾಕಿಸುತ್ತಾರೆ. 1961ರ ವರದಕ್ಷಿಣೆ ನಿಷೇಧ ಮಸೂದೆಗೆ ಮೊದಲ ಸಲ ಹಾಗೆ ಜಂಟಿ ಅಧಿವೇಶನ ನಡೆಯಿತು. ಆ ಮೇಲೆ 1978 ಮತ್ತು 2002ರಲ್ಲಿ.

ಸದನ ಸೇರದಿರುವಾಗ ತುರ್ತು ಬಂದರೆ? ಅದಕ್ಕೆ ಸುಗ್ರೀವಾಜ್ಞೆ ಇದೆ. ರಾಮಾಯಣದಲ್ಲಿ ಸೀತೆಯನ್ನು ಹುಡುಕಲು ಹೊರಟ ಕಪಿಗಳಿಗೆ ಸುಗ್ರೀವ ಒಂದು ತಿಂಗಳ ಗಡುವು ಕೊಟ್ಟು, ಮೀರಿದರೆ ತಲೆ ಉಳಿಯದು ಎಂದನಂತೆ. ಎದುರು ಮಾತಿಲ್ಲದ ಆ ಆಜ್ಞೆಯ ಹೆಸರನ್ನೇ ಕನ್ನಡಿಗರು ಈ ಕಾನೂನಿಗೆ ಇಟ್ಟರು. ಸಂವಿಧಾನ ಮಾತ್ರ ಗಡುವನ್ನು ಆಜ್ಞೆಗೇ ಹಾಕಿದೆ: ಸದನ ಮತ್ತೆ ಸೇರಿ ಆರು ವಾರವಾಗುವುದರೊಳಗೆ ಒಪ್ಪಿಗೆ ಸಿಗದಿದ್ದರೆ ಅದು ತಾನಾಗಿ ಸಾಯುತ್ತದೆ. 2020ರಲ್ಲಿ ಇದೇ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಪ್ರಕರಣಗಳನ್ನು ತೆಗೆದದ್ದು ಮೊದಲು ಸುಗ್ರೀವಾಜ್ಞೆಯ ಮೂಲಕ, ಆಮೇಲೆ ವರ್ಷದ ಕೊನೆಗೆ ಸದನದ ಒಪ್ಪಿಗೆಯಿಂದ. ರೈತರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ ಪ್ರಕರಣಗಳು ಅವು. ಅದು ಸರಿಯೇ ತಪ್ಪೇ ಎಂದು ಊರೂರಲ್ಲಿ ವಾದ ನಡೆಯಿತು. ಆದರೆ ಸದನದಲ್ಲಿ ಚರ್ಚೆಯಾಗುವ ಮೊದಲೇ ಅದು ಜಾರಿಯಲ್ಲಿತ್ತು ಎಂಬುದು ಗಮನಿಸಬೇಕಾದ ಮಾತು.

ಸಹಿ ಬೀಳುವ ಮನೆ

ವಿಧಾನಸೌಧದಿಂದ ರಾಜಭವನಕ್ಕೆ ನಡೆದು ಹೋಗುವಷ್ಟೇ ದೂರ. ಕಮಿಷನರ್ ಮಾರ್ಕ್ ಕಬ್ಬನ್ ಕಾಲದ ಬಂಗಲೆ, ಸುತ್ತ ದೊಡ್ಡ ತೋಟ. ಎರಡೂ ಸದನ ದಾಟಿದ ಮಸೂದೆ ಈ ತೋಟದೊಳಗೆ ಹೋಗುತ್ತದೆ. ರಾಜ್ಯಪಾಲರು ಮೂರರಲ್ಲಿ ಒಂದನ್ನು ಮಾಡಬಹುದು: ಅಂಕಿತ ಹಾಕಬಹುದು, ಅಂಕಿತ ತಡೆಹಿಡಿದು ಮರುಪರಿಶೀಲಿಸಿ ಎಂದು ಸದನಕ್ಕೆ ವಾಪಸು ಕಳಿಸಬಹುದು, ಇಲ್ಲವೇ ರಾಷ್ಟ್ರಪತಿಗಳಿಗೆಂದು ಕಾದಿರಿಸಬಹುದು. ಎಷ್ಟು ದಿನದೊಳಗೆ ಎಂದು ಸಂವಿಧಾನ ಲೆಕ್ಕ ಹೇಳಿಲ್ಲ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ತಿಂಗಳುಗಳ ಗಡುವು ಹಾಕಿತು. ಅದೇ ವರ್ಷದ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ರಾಷ್ಟ್ರಪತಿಗಳು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುತ್ತ, ಅಂಥ ಗಡುವನ್ನು ನ್ಯಾಯಾಲಯ ಹೇರುವಂತಿಲ್ಲ ಎಂದಿತು. ಆದರೆ ಕಾರಣವಿಲ್ಲದೆ ಸುಮ್ಮನೆ ಇಟ್ಟುಕೊಂಡು ಕೂರುವುದನ್ನು ಸೀಮಿತವಾಗಿ ಪ್ರಶ್ನಿಸಬಹುದು ಎಂದೂ ಹೇಳಿತು.

1961ರ ಭೂಸುಧಾರಣಾ ಮಸೂದೆ ಬೆಂಗಳೂರಿನಲ್ಲಿ ನಿಲ್ಲದೆ ದಿಲ್ಲಿಗೆ ಹೋಯಿತು. ಆಸ್ತಿಯ ಹಕ್ಕನ್ನು ಮುಟ್ಟುವ ಇಂಥ ರಾಜ್ಯ ಶಾಸನಕ್ಕೆ ನ್ಯಾಯಾಲಯದಲ್ಲಿ ಸಂವಿಧಾನದ ರಕ್ಷಣೆ ಬೇಕಿದ್ದರೆ ರಾಷ್ಟ್ರಪತಿಗಳ ಅಂಕಿತ ಇರಬೇಕು. 1962ರ ಮಾರ್ಚ್‌ನಲ್ಲಿ ಅಂಕಿತ ಬಿತ್ತು. ಹೀಗಾಗಿ ಅದರ ಹೆಸರಿನಲ್ಲಿ 1961 ಇದೆ, ಸಂಖ್ಯೆಯಲ್ಲಿ 1962 ಇದೆ: 'ಮೈಸೂರು ಭೂಸುಧಾರಣೆ ಅಧಿನಿಯಮ, 1961', ಸಂಖ್ಯೆ '1962ರ 10'. ಹುಟ್ಟಿದ ವರ್ಷ ಒಂದು, ನಾಮಕರಣದ ವರ್ಷ ಇನ್ನೊಂದು ಇದ್ದ ಹಾಗೆ. ಗ್ರಂಥಾಲಯದಲ್ಲಿ ಕಾಯ್ದೆ ಹುಡುಕುವ ವಿದ್ಯಾರ್ಥಿ ಈ ಗುಟ್ಟು ತಿಳಿದಿದ್ದರೆ ಅರ್ಧ ದಿನ ಉಳಿಯುತ್ತದೆ.

ದಿಲ್ಲಿಯಿಂದ ಬರುವ ಕಾನೂನು

ಭೂಮಿ ರಾಜ್ಯದ ವಿಷಯ. ರಕ್ಷಣೆ, ರೈಲು, ಅಂಚೆ ಕೇಂದ್ರದ ವಿಷಯ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಮೂರನೆಯದು ಇಬ್ಬರೂ ಕೈಹಾಕಬಹುದಾದ ಸಮವರ್ತಿ ಪಟ್ಟಿ. ಅಲ್ಲಿ ಎರಡು ಕಾನೂನು ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಕೇಂದ್ರದ್ದೇ ಉಳಿಯುತ್ತದೆ. ರಾಷ್ಟ್ರಪತಿಗಳ ಅಂಕಿತ ಪಡೆದಿದ್ದರೆ ರಾಜ್ಯದ್ದು ಆ ರಾಜ್ಯದ ಮಟ್ಟಿಗೆ ನಿಲ್ಲಬಲ್ಲದು. ಶಿಕ್ಷಣ ಮೊದಲು ರಾಜ್ಯಗಳ ಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಸರಿಸಿತು. ಆದ್ದರಿಂದಲೇ ನಿಮ್ಮ ಮಗುವಿನ ಶಾಲೆಯ ದಾಖಲಾತಿಗೆ ಸಂಬಂಧಿಸಿದ ಒಂದು ಮುಖ್ಯ ಕಾನೂನು ದಿಲ್ಲಿಯಿಂದ ಬಂತು.

ದಿಲ್ಲಿಯ ದುಂಡನೆಯ ಹಳೆಯ ಸಂಸತ್ ಭವನ 1927ರಲ್ಲಿ ಉದ್ಘಾಟನೆಯಾದದ್ದು. 2023ರ ಮೇ 28ರಂದು ಪಕ್ಕದಲ್ಲೇ ಹೊಸ ಕಟ್ಟಡ ಉದ್ಘಾಟನೆಯಾಯಿತು; ಹಳೆಯದರ ಹೆಸರು ಈಗ ಸಂವಿಧಾನ ಸದನ. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಮಂದಿ ಹೋಗುತ್ತಾರೆ. ಆ ಹಳೆಯ ದುಂಡು ಕಟ್ಟಡದಲ್ಲಿ 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿಯಾಗಿ, 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕು ಎಂದು ಬರೆಯಲಾಯಿತು. ಡಿಸೆಂಬರ್‌ನಲ್ಲಿ ಅಂಕಿತವೂ ಬಿತ್ತು. ಆದರೆ ಆ ತಿದ್ದುಪಡಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು! ಅದನ್ನು ಆಚರಣೆಗೆ ತರುವ ಕಾಯ್ದೆ 2009ರ ಜುಲೈನಲ್ಲಿ ರಾಜ್ಯಸಭೆಯಲ್ಲಿ, ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಗಿ, ಅದೇ ಆಗಸ್ಟ್ 26ರಂದು ಅಂಕಿತ ಪಡೆಯಿತು. ಕರ್ನಾಟಕ ತನ್ನ ನಿಯಮಗಳನ್ನು ಮಾಡಿದ್ದು 2012ರಲ್ಲಿ. 2002ರಲ್ಲಿ ಆರು ವರ್ಷ ತುಂಬಿದ್ದ ಮಗುವನ್ನು ನೆನೆಯಿರಿ. ಹಕ್ಕು ಜಾರಿಗೆ ಬರುವ ಹೊತ್ತಿಗೆ ಅದಕ್ಕೆ ಹದಿನಾಲ್ಕು. ಹಕ್ಕಿನ ವಯಸ್ಸೇ ಮುಗಿದಿತ್ತು.

ಅಂಗೀಕಾರ ಬೇರೆ, ಜಾರಿ ಬೇರೆ

ಈ ಪಯಣದಲ್ಲಿ ಬಹುಮಂದಿ ಎಡವುವ ಜಾಗ ಇದು. ಸದನ ಒಪ್ಪಿತು, ಸಹಿ ಬಿತ್ತು ಎಂದ ಮಾತ್ರಕ್ಕೆ ಕಾನೂನು ನಡೆಯಲಾರಂಭಿಸಿತು ಎಂದಲ್ಲ. ಅಂಕಿತವಾದ ಕಾಯ್ದೆ ರಾಜ್ಯಪತ್ರದಲ್ಲಿ, ಅಂದರೆ ಗೆಜೆಟ್ಟಿನಲ್ಲಿ, ಪ್ರಕಟವಾಗಬೇಕು. ಮೊದಲು ಸರ್ಕಾರಿ ಮುದ್ರಣಾಲಯದ ಮೊಳೆ ಜೋಡಿಸುವವರ ಕೈಯಿಂದ ಹೊರಬರುತ್ತಿದ್ದ ಈ ಪತ್ರ ಈಗ ಗಣಕದ ಪರದೆಯ ಮೇಲೂ ಸಿಗುತ್ತದೆ. ಯಾವ ಊರಿನ ವಿದ್ಯಾರ್ಥಿಯೂ ತೆರೆದು ಓದಬಹುದು. ಅಲ್ಲಿ ಪ್ರಕಟವಾಗದ ಕಾನೂನು ಜನರಿಗೆ ತಿಳಿದಿದೆ ಎಂದು ಭಾವಿಸುವಂತಿಲ್ಲ. ಪ್ರಕಟವಾದ ಮೇಲೆ 'ನನಗೆ ಗೊತ್ತಿರಲಿಲ್ಲ' ಎಂಬ ಮಾತು ನಡೆಯುವುದಿಲ್ಲ.

ಯಾವುದೇ ಕಾಯ್ದೆಯ ಮೊದಲ ಪ್ರಕರಣ ನೋಡಿ. ಮೊದಲು ಹೆಸರು, ಆಮೇಲೆ ಎಲ್ಲಿಗೆ ಅನ್ವಯ, ಆಮೇಲೆ 'ಪ್ರಾರಂಭ'. ಕೆಲವಕ್ಕೆ ದಿನಾಂಕವನ್ನು ಅಲ್ಲೇ ಬರೆದಿರುತ್ತಾರೆ. ಕೆಲವು 'ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನದಂದು' ಎನ್ನುತ್ತವೆ. ಏನೂ ಬರೆಯದಿದ್ದರೆ ಕೇಂದ್ರದ ಕಾಯ್ದೆ ಅಂಕಿತ ಬಿದ್ದ ದಿನದಿಂದ, ನಮ್ಮ ರಾಜ್ಯದ ಕಾಯ್ದೆ ಅಂಕಿತದ ವಿಷಯ ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ ಜಾರಿ. 'ಗೊತ್ತುಪಡಿಸುವ ದಿನ' ಎಂಬ ಆ ಎರಡು ಪದಗಳಲ್ಲಿ ಸರ್ಕಾರ ಎಷ್ಟು ವರ್ಷ ಬೇಕಾದರೂ ಅಡಗಿ ಕೂರಬಹುದು. ವಕೀಲರ ಕಾಯ್ದೆಯಾದದ್ದು 1961ರಲ್ಲಿ. ಎಲ್ಲ ನ್ಯಾಯಾಲಯ, ನ್ಯಾಯಮಂಡಳಿಗಳಲ್ಲೂ ವಕೀಲರಿಗೆ ವಾದಿಸುವ ಹಕ್ಕು ಕೊಡುವ ಅದರ 30ನೇ ಪ್ರಕರಣ ಜಾರಿಯಾದದ್ದು 2011ರ ಜೂನ್ 15ರಂದು. ಅರ್ಧ ಶತಮಾನ! ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಡುವ ತಿದ್ದುಪಡಿ 2023ರ ಸೆಪ್ಟೆಂಬರ್‌ನಲ್ಲಿ ಹೊಸ ಸಂಸತ್ತಿನಲ್ಲಿ ಅಂಗೀಕಾರವಾದಾಗಲೂ, ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಮೀಸಲಾತಿ ಎಂದೇ ಬರೆದಿದ್ದರು.

ಭೂಸುಧಾರಣಾ ಕಾಯ್ದೆಗೂ ಹೀಗೆಯೇ ಆಯಿತು. 1961ರಲ್ಲಿ ಅಂಗೀಕಾರ, 1962ರಲ್ಲಿ ಅಂಕಿತ, ಜಾರಿ 1965ರ ಅಕ್ಟೋಬರ್ 2ರಂದು. ಗಾಂಧಿ ಜಯಂತಿಯ ಶುಭದಿನ ಆರಿಸಿದ್ದು ಸರಿಯೇ. ಆದರೆ ಮಸೂದೆ ಮಂಡನೆಯಾದಂದಿನಿಂದ ಆ ದಿನದವರೆಗಿನ ಏಳು ವರ್ಷಗಳಲ್ಲಿ ಜಾಣ ಒಡೆಯರು ಸುಮ್ಮನೆ ಕೂತಿರಲಿಲ್ಲ. 'ಸ್ವಂತ ಬೇಸಾಯ' ಎಂದು ತೋರಿಸಲು ಗೇಣಿದಾರರನ್ನು ಬಿಡಿಸಿದವರಿದ್ದರು, ತಾನಾಗಿಯೇ ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡವರಿದ್ದರು. ಕಾಯ್ದೆಯಲ್ಲೇ ಒಡೆಯರು ಭೂಮಿ ಹಿಂದಕ್ಕೆ ಪಡೆಯಲು ಅವಕಾಶಗಳಿದ್ದವು. ಉಳುವವನನ್ನು ಕಾಯಲು ಹೊರಟ ಕಾನೂನು ಬರುವ ದಾರಿಯಲ್ಲೇ ಅವನನ್ನು ಎಬ್ಬಿಸಿದ ಹಾಗಾಯಿತು.

ನಂ. 7ರ ನಮೂನೆ

ದೇವರಾಜ ಅರಸು ಅವರ ಸರ್ಕಾರ ಬಂದ ಮೇಲೆ ಹಳೆಯ ಕಾಯ್ದೆಯನ್ನು ಬುಡದಿಂದ ತಿದ್ದಲು ಹೊಸ ಮಸೂದೆ ತಂದಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ತಿದ್ದುಪಡಿ ಕಾಯ್ದೆ '1974ರ 1'ನೇ ಸಂಖ್ಯೆಯಾಗಿ, ಅಂದರೆ ಆ ವರ್ಷದ ಮೊಟ್ಟಮೊದಲ ಕಾಯ್ದೆಯಾಗಿ, ಹೊರಬಂತು. 1974ರ ಮಾರ್ಚ್ 1ರಿಂದ ಗೇಣಿಗೆ ಕೊಟ್ಟಿದ್ದ ಎಲ್ಲ ಭೂಮಿಯೂ ಸರ್ಕಾರದಲ್ಲಿ ನಿಹಿತವಾಯಿತು. ಸೈನಿಕರು, ನಾವಿಕರನ್ನು ಬಿಟ್ಟರೆ ಉಳಿದವರಿಗೆ ಗೇಣಿಗೆ ಕೊಡುವುದೇ ಮುಗಿದುಹೋಯಿತು. ಕಾಗೋಡಿನಲ್ಲಿ ಸೆರೆ ಸೇರಿದ ಗೋಪಾಲಗೌಡರು ಅದನ್ನು ನೋಡಲು ಇರಲಿಲ್ಲ. 1972ರ ಜೂನ್‌ನಲ್ಲೇ ಅವರು ತೀರಿಕೊಂಡಿದ್ದರು.

ಕಾನೂನು ಈಗ ತಾಲ್ಲೂಕು ಕಚೇರಿಗೆ ಬಂದು ನಿಂತಿತು. ನಿಯಮಗಳಾದವು, ನಮೂನೆಗಳು ಅಚ್ಚಾದವು. ಗೇಣಿದಾರ 'ಈ ಭೂಮಿಯನ್ನು ನಾನು ಉಳುತ್ತಿದ್ದೇನೆ' ಎಂದು ನಮೂನೆ ನಂ. 7ರಲ್ಲಿ ಅರ್ಜಿ ಹಾಕಬೇಕು. ತಾಲ್ಲೂಕಿನ ಭೂನ್ಯಾಯಮಂಡಳಿ ವಿಚಾರಣೆ ಮಾಡಬೇಕು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ವಕೀಲರು ಬರುವಂತಿಲ್ಲ ಎಂದು ಕಾಯ್ದೆ ಹೇಳಿತ್ತು. ಒಡೆಯರ ದುಡ್ಡಿನ ಮುಂದೆ ಗೇಣಿದಾರ ಸೋಲಬಾರದು, ಹೊಲ ಯಾರು ಉಳುತ್ತಾರೆ ಎಂಬುದನ್ನು ಅಕ್ಕಪಕ್ಕದವರ ಬಾಯಲ್ಲೇ ಕೇಳಿ ತೀರ್ಮಾನಿಸಬೇಕು ಎಂಬ ಆಲೋಚನೆ ಅದು. ಲಕ್ಷಾಂತರ ಅರ್ಜಿಗಳು ಬಂದವು. ಗಡುವನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು.

ಗಡುವು ಎಂದರೆ ಗಡುವೇ. ಓದುಬರಹ ಬಾರದವರು, ಒಡೆಯರ ಮುಲಾಜಿಗೆ ಬಿದ್ದವರು, ಸುದ್ದಿಯೇ ತಿಳಿಯದವರು ನಮೂನೆ ಹಾಕದೆ ಉಳಿದರು. ತಲೆಮಾರುಗಳಿಂದ ಉತ್ತಿದ್ದರೂ ಒಂದು ಕಾಗದವಿಲ್ಲದ್ದರಿಂದ ಅವರ ಹಕ್ಕು ಹೋಯಿತು. ಅಂಥವರಿಗೆಂದು 1998ರಲ್ಲಿ ಮತ್ತೊಂದು ತಿದ್ದುಪಡಿ ಮಾಡಿ 7ಎ ನಮೂನೆ ತರಬೇಕಾಯಿತು. ಇನ್ನೊಂದು ಬದಿಯ ನೋವನ್ನೂ ಮರೆಯಬಾರದು. ದೊಡ್ಡ ಒಡೆಯರ ಜೊತೆಗೆ ಎರಡು ಮೂರು ಎಕರೆಯ ಗೇಣಿಯನ್ನೇ ನಂಬಿದ್ದ ವಿಧವೆಯರು, ಸಣ್ಣ ಹಿಡುವಳಿದಾರರು ಕೂಡ ಭೂಮಿ ಕಳೆದುಕೊಂಡರು. ಗೆರೆ ಎಲ್ಲಿ ಎಳೆದರೂ ಅದರ ಆಚೆ ಒಬ್ಬರು ಉಳಿಯುತ್ತಾರೆ. ಅವರ ಮಾತು ಕೇಳಬೇಕಾದ ಸಮಯ ಎರಡನೇ ವಾಚನ.

ವಿಚಾರ ಮತ್ತೆ ಕೆಂಪು ಕಟ್ಟಡಕ್ಕೂ ಬಂತು, ದಿಲ್ಲಿಗೂ ಹೋಯಿತು. 1987ರಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ವಕೀಲರು ಬರಬಾರದು ಎಂಬ ಉಪಪ್ರಕರಣವನ್ನು ಮಾತ್ರ ಹೊಡೆದುಹಾಕಿತು. ವಕೀಲಿ ವೃತ್ತಿ ಕೇಂದ್ರದ ಪಟ್ಟಿಗೆ ಸೇರಿದ್ದು, ರಾಜ್ಯ ಅಲ್ಲಿ ಕೈಹಾಕುವಂತಿಲ್ಲ ಎಂಬುದು ಕಾರಣ. ಕಾನೂನಿನ ದಾರಿಯಲ್ಲಿ ಇದೂ ಒಂದು ನಿಲ್ದಾಣ: ಜಾರಿಗೆ ಬಂದು ಹದಿಮೂರು ವರ್ಷವಾದ ಮೇಲೂ ಅದರ ಒಂದು ಸಾಲು ಬಿದ್ದುಹೋಗಬಹುದು.

ಹನ್ನೆರಡನೆಯ ಕಾಲಂನಿಂದ ಒಂಬತ್ತನೆಯ ಕಾಲಂಗೆ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ಯುವವರು ವಿಧಾನಸೌಧವನ್ನು ಬೇಲಿಯಾಚೆಯಿಂದ ತೋರಿಸಿ ಮುಂದೆ ಹೋಗಬೇಕಾಗಿಲ್ಲ. 2025ರ ಜೂನ್‌ನಲ್ಲಿ ರಜಾದಿನಗಳಂದು ಮಾರ್ಗದರ್ಶಿಯ ಜೊತೆ ಒಳಗೆ ನೋಡುವ ಏರ್ಪಾಟು ಆರಂಭವಾಯಿತು. ಹಜಾರದ ಹೊರಗೆ ನಿಂತು 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ಬರಹವನ್ನು ಓದಿಸಿ. ಕೆಲಸ ಎಷ್ಟು ದಿನದಲ್ಲಿ ಆಗಬೇಕು ಎಂದು ಅಲ್ಲಿ ಬರೆದಿಲ್ಲ ಎಂದು ಮಕ್ಕಳೇ ಕೇಳಿದರೆ ಸಂತೋಷಪಡಿ.

ಇನ್ನೊಂದು ಪಯಣ ಇದಕ್ಕಿಂತ ಅಗ್ಗ. ನಿಮ್ಮ ಊರಿನ ನಾಡಕಚೇರಿಯಲ್ಲಿ ನಿಮ್ಮ ಮನೆತನದ ಭೂಮಿಯ ಪಹಣಿಯ ಪ್ರತಿ ಪಡೆಯಿರಿ. ಸಾಧ್ಯವಾದರೆ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಿಂದ 1970ರ ದಶಕದ್ದನ್ನೂ ಕೇಳಿ. ಪಹಣಿಯ 9ನೇ ಕಾಲಂನಲ್ಲಿ ಭೂಮಿಯ ಸ್ವಾಧೀನದಾರರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರು. ಮಲೆನಾಡು, ಕರಾವಳಿಯ ಎಷ್ಟೋ ಹಳೆಯ ಪಹಣಿಗಳಲ್ಲಿ ಈ ಎರಡು ಹೆಸರುಗಳು ಬೇರೆ ಬೇರೆ. ಕೆಲವು ವರ್ಷಗಳ ಆಮೇಲಿನದರಲ್ಲಿ ಹನ್ನೆರಡರಲ್ಲಿದ್ದ ಹೆಸರು ಒಂಬತ್ತಕ್ಕೆ ಬಂದಿದೆ. ಪಕ್ಕದಲ್ಲಿ ಭೂನ್ಯಾಯಮಂಡಳಿಯ ಆದೇಶದ ಸಂಖ್ಯೆ, ಹದಿನೈದು ವರ್ಷ ಪರಭಾರೆ ಮಾಡುವಂತಿಲ್ಲ ಎಂಬ ಷರತ್ತು.

ಕಾಗದದ ಮೇಲೆ ಮೂರು ಕಾಲಂ ಅಷ್ಟೇ, ಒಂದು ಗೇಣಿನಷ್ಟೂ ದೂರವಿಲ್ಲ. ಕೊಳಗದ ಜಗಳ, ಸೆರೆವಾಸ, ಸಮಿತಿ, ಆರು ವಾಚನ, ರಾಷ್ಟ್ರಪತಿಗಳ ಅಂಕಿತ, ರಾಜ್ಯಪತ್ರ, ನಮೂನೆ ನಂ. 7 ಎಲ್ಲವೂ ನಡೆದದ್ದು ಆ ಹೆಸರನ್ನು ಅಷ್ಟು ದೂರ ಸರಿಸಲು. ಅಜ್ಜನ ಕಾಲದ ಆ ಹಾಳೆ ಮನೆಯ ಪೆಟ್ಟಿಗೆಯಲ್ಲಿದ್ದರೆ ತೆಗೆದು ಮಕ್ಕಳ ಕೈಗೆ ಕೊಡಿ. ಐದು ಅಂಕದ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರಪತ್ರಿಕೆ ಸಿಗಲಾರದು.